ಪಿತ್ತ ಅಂದೆ

ಉಮದಿಯ ಕನ್ನಡ ಸಾಲಿ. ಬಿಸಿಯೂಟದ ಖೋಲಿ.
ಬಾಗಿಲ ಮ್ಯಾಲ ಮರಾಠಿ ಬೋರ್ಡು,
ಒಳಗ ನೂರಾ ನಲವತ್ತು ಹುಡುಗರ ಖಿಚಡಿ.
ಕುದಿಯೂ ಸಪ್ಪಳಕ್ಕ ಯಾವ ಭಾಷಾನೂ ಇಲ್ಲ.

ಎಣ್ಣಿ ಕಾದು ಸಾಸಿವಿ ಸಿಡಿದ ಕೂಡಲೆ
ಹೊಟ್ಟಿ ಎದ್ದು ಗಂಟಲಕ್ಕ ಬಂತು.
ಸೆರಗು ಬಾಯಿಗೊತ್ತಿ ಹಿತ್ತಲಕ್ಕ ಓಡಿದೆ,
ಬೇವಿನ ಬುಡಕ ಕುಂತೆ.
ಬಂದದ್ದು ಬರೇ ಹಳದಿ ನೀರು, ಕಹಿ.

'ಏನಾತು?' ಅಂದ್ರು ದೊಡ್ಡ ಗುರೂಜಿ, ಕಿಟಕಿಯಾಗಿಂದ.
'ಪಿತ್ತ ರೀ' ಅಂದೆ. 'ನಿನ್ನಿ ಶೇಂಗಾ ಭಾಳ ತಿಂದಿದ್ದೆ.'
ಸುಳ್ಳಿಗೂ ಹೊಟ್ಟಿಗೆ ಏನರ ಬೇಕಲ್ಲ.

ಪಿತ್ತ ಅಂದ ಮ್ಯಾಲ ಊರೆಲ್ಲಾ ವೈದ್ಯರು.
ಗುರೂಜಿ ಟೇಬಲ್ಲಿನ ಖಾನ್ಯಾಗಿಂದ ನೊರಿ ಬರೂ ಪುಡಿ ಕೊಟ್ರು.
ಗಿರಣಿ ಶಬಾನಾ, ಹಿಟ್ಟು ಮೆತ್ತಿದ ಕೈ ಬೀಸಿ,
ಪುದೀನಾ ಕುದಿಸಿ ಕುಡಿ, ಸಕ್ಕರಿ ಹಾಕಬ್ಯಾಡ ಅಂದ್ಲು.
ಅತ್ತಿ ರಾತ್ರಿ ಒಂದು ಹಿಡಿ ಅಜವಾನ
ಕರಿ ಉಪ್ಪು ಹಚ್ಚಿ ನನ್ನ ಸೆರಗಿಗೆ ಗಂಟು ಹಾಕಿದ್ರು:
'ಹೊಟ್ಟಿ ತೊಳಸಿದಾಗೆಲ್ಲಾ ಅಗಿ.'

ಲಾಯವ್ವ ಏನೂ ಹೇಳಲಿಲ್ಲ.
ಇಪ್ಪತ್ತು ವರ್ಷ ಆ ಒಲಿ ಮುಂದ ಕುಂತಾಕಿ,
ಅಕ್ಕಿ ಮುಟಗಿಲೆ ಅಳಿಯಾಕಿ,
ತಪಾಸಣಿ ಸಾಹೇಬ ಬಂದ್ರ
'ಹೋ', 'ನಾಹಿ' ಎರಡರಾಗ ಮುಗಿಸಾಕಿ.
ಮರುದಿನ ಒಗ್ಗರಣಿ ಹೊತ್ತಿಗೆ ನನ್ನ ಕೈಯಾಗಿನ ಸೌಟು ಕಸಗೊಂಡ್ಲು.
'ಹೊರಗ ಹೋಗಿ ಅಕ್ಕಿ ಆರಿಸು, ಗಾಳಿ ಐತಿ.'
ಮರದಾಗ ಅಕ್ಕಿ ಮ್ಯಾಲ ಒಂದು ಲಿಂಬಿ ಎಲಿ ಇತ್ತು.
ಹಿಚುಕಿ ಮೂಸಿದೆ.
ಎಣ್ಣಿ ವಾಸನಿ ಒಂದು ಹೆಜ್ಜಿ ಹಿಂದ ಸರೀತು.

ಆಮ್ಯಾಲ ಅರಿವ್ಯಾಗ ಸುತ್ತಿದ ಕಟಕ ರೊಟ್ಟಿ ಚೂರು:
'ಮುಂಜಾನೆ ಕಣ್ಣು ತೆರೆದ ಕೂಡಲೆ ಏಳಬ್ಯಾಡ.
ಮಲಗಿದಲ್ಲೇ ಒಂದು ತುಣುಕು ಕಡಿ, ಬಾಯಾಗ ನೆನೀಲಿ,
ಆಮ್ಯಾಲ ನೆಲಕ್ಕ ಕಾಲು ಇಡು.
ಖಾಲಿ ಹೊಟ್ಟಿ ಜಗಳಕ್ಕ ಹುಡುಕತೈತಿ.'
ಮಧ್ಯಾಹ್ನ ತೆಳ್ಳಗ ಜೋಳದ ಅಂಬಲಿ, ಮಜ್ಜಿಗಿ,
ಚಿಟಿಕಿ ಹುರಿದ ಜೀರಗಿ.
'ಗುಬ್ಬಿ ಕುಡಿದಂಗ ಕುಡಿ.'
ನಾಲಿಗಿ ತುದಿಗೆ ಉಪ್ಪಿನ್ಯಾಗ ಕಪ್ಪಾದ ಲಿಂಬಿ.
ಅದರ ವಯಸ್ಸು ಆಕಿಗೂ ನೆನಪಿಲ್ಲ.

ಗುರುವಾರ, ತಾಟು ತೊಳಿಯೂ ಹೊತ್ತಿನ್ಯಾಗ
ಮತ್ತ ತೊಳಸಿತು. ಸೆರಗಿನ ಗಂಟು ಬಿಚ್ಚಿದೆ.
ಲಾಯವ್ವ ನನ್ನ ಅಂಗೈ ನೋಡಿದ್ಲು.
ಒದ್ದಿ ಕೈಲೇ ಅಜವಾನ ಎಲ್ಲಾ ಬಳಕೊಂಡು
ಕೋಳಿಗೆ ಎರಚಿದ್ಲು.
'ಇದು ಬ್ಯಾಡ. ಈಗ ಬ್ಯಾಡ ನಿನಗ.'
'ಪಿತ್ತಕ್ಕ ಚಲೋ ಅಲ್ಲೇನವಾ?'
'ಪಿತ್ತಕ್ಕ ಚಲೋ' ಅಂದ್ಲು,
ಮತ್ತ ಬೂದಿ ಹಚ್ಚಿ ಪಾತೇಲಿ ತಿಕ್ಕಾಕ ಹತ್ತಿದ್ಲು.

ನಾ ಅಲ್ಲೇ ನಿಂತೆ. ನಳ ಹರೀತಿತ್ತು.

ಹೋದ ವರ್ಷ ಎಲ್ಲಾರಿಗೂ ಹೇಳಿದ್ದೆ.
ಗಿರಣಿ ಪಾಳಿಯಾಗ ಹೇಳಿದ್ದೆ, ಬಸ್ಸಿನ್ಯಾಗ ಹೇಳಿದ್ದೆ,
ಜತ್ತಿನಿಂದ ಪೇಢೆ ತರಿಸಿ ಹಂಚಿದ್ದೆ.
ಮೂರನೇ ತಿಂಗಳು
ಆ ಮಾತು ಒಬ್ಬೊಬ್ಬರ ಮನಿಗೆ ಹೋಗಿ
ವಾಪಸ್ ಇಸಗೊಂಡು ಬರೂದಾತು.
ಪೇಢೆದ ರೊಕ್ಕ ಇನ್ನೂ ಅಂಗಡಿ ಬಾಕಿ ಇತ್ತು.

ಅದಕ ಈ ಸಲ ಪಿತ್ತ.
ನಳ ಬಂದ್ ಮಾಡಾಕ ಲಾಯವ್ವನೇ ಎದ್ದು ಬಂದ್ಲು.
'ಶೇಂಗಾ ಕಡಿಮಿ ತಿನ್ನು' ಅಂದ್ಲು,
ದೊಡ್ಡ ಗುರೂಜಿಗೆ ಕೇಳೂವಂಗ, ಜೋರಾಗಿ.

ನಸುಕಿನ್ಯಾಗ ಕಣ್ಣು ತೆರೀತೀನಿ. ಇನ್ನೂ ಕತ್ತಲ.
ದಿಂಬಿನ ಬುಡಕಿನ ರೊಟ್ಟಿ ಮುರದು ಬಾಯಾಗ ಹಾಕ್ತೀನಿ.
ಎಷ್ಟು ಮೆತ್ತಗ ಕಡಿದ್ರೂ ಕರಂ ಅಂತೈತಿ.
ಗಂಡ ನಿದ್ದಿಗಣ್ಣಾಗ, 'ಏನದು ಸಪ್ಪಳ?'

ಮೂರು ತಿಂಗಳು ತುಂಬಾಕ ಇನ್ನ ಹತ್ತೊಂಬತ್ತು ದಿನ.

'ಇಲಿ' ಅಂತೀನಿ.