ಅಚ್ಚುಮೆಚ್ಚು

ತೋರುನ್ ಪಟ್ಟಣದ ಶುಂಠಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ, ಮೇಜಿನ ಕೊನೆಯಲ್ಲಿ ನಿಂತವಳು ನಾನು.
ನಿಂತವಳು ಅಂದೆನೆ? ಒರಗಿದವಳು.
ಎಡಗಾಲು ನಾಲ್ಕು ಬೆರಳು ಗಿಡ್ಡ,
ಪಾದ ಒಳಕ್ಕೆ ತಿರುಚಿದ್ದು, ಹುಟ್ಟಿದ ದಿನದಿಂದ.

ಒಂದೇ ಅಚ್ಚಿನಿಂದ ದಿನಕ್ಕೆ ಆರು ಸಾವಿರ ಹೃದಯ
ಬಿಸಿಬಿಸಿ ಇಳಿದು ಬರುತ್ತವೆ ನನ್ನ ಕಡೆಗೆ.
ಅಂಚು ಮುರಿದದ್ದು ಕಂದು ಚೀಲಕ್ಕೆ,
ಹಿಂಬಾಗಿಲಲ್ಲಿ ಅರ್ಧ ಬೆಲೆಗೆ.

ದೇವರ ಪ್ರೀತಿಯೂ ಹೀಗೇ ಇದ್ದೀತು ಎಂದುಕೊಂಡಿದ್ದೆ.
ಲೋಕವನ್ನೆಲ್ಲ ಪ್ರೀತಿಸುತ್ತಾನೆ, ಸರಿ.
ಲೋಕದಲ್ಲಿ ನಾನೂ ಇದ್ದೇನೆ, ಅದೂ ಸರಿ.
ಊರಿಗೆಲ್ಲ ಊಟ ಹಾಕಿದವನಿಗೆ
ಮೂರನೇ ಪಂಕ್ತಿಯ ತುದಿಗೆ ಕೂತವಳ
ಮುಖ ನೆನಪಿರಬೇಕೆಂದು ಯಾವ ನ್ಯಾಯ?

ಅಮ್ಮ ಇಟ್ಟ ಹೆಸರು ಬೊಗುಮಿಲಾ.
ನಮ್ಮ ಮಾತಿನಲ್ಲಿ, ದೇವರಿಗೆ ಬೇಕಾದವಳು.
ಅಕ್ಕನ ಹಳೇ ಕೋಟಿನ ಹಾಗೆ ತೊಟ್ಟುಕೊಂಡೆ ಅದನ್ನು,
ತೋಳು ಉದ್ದ, ಒಳಗೆ ಗಾಳಿ.
ಶಾಲೆಯಲ್ಲಿ ಕರೆಯುತ್ತಿದ್ದುದು ಬೇರೆ ಹೆಸರು.

ಪವಿತ್ರ ಗುರುವಾರ, ಹನ್ನೆರಡು ಜನರ ಕಾಲು ತೊಳೆಯುವ ಸಂಜೆ,
ಮುದುಕ ಸೆವೆರಿನ್‌ಗೆ ಜ್ವರ, ಒಂದು ಕುರ್ಚಿ ಖಾಲಿ.
ಪಾದ್ರಿ ನನ್ನತ್ತ ಕೈ ಮಾಡಿದರು.
ಎಲ್ಲರೂ ಬಲಗಾಲಿನ ಬೂಟು ಬಿಚ್ಚಿದರು. ಅದೇ ರೂಢಿ.
ಬದುಕಿದೆ ಎಂದುಕೊಂಡೆ.
ಉಗುರುಬೆಚ್ಚಗಿನ ನೀರು, ಬಗ್ಗಿದ ಬೋಳುತಲೆ,
ಪಾದದ ಮೇಲೆ ತುಟಿ ಸೋಕಿದಾಗ ಕಚಗುಳಿ.
ಬಗ್ಗಿ ಬಂದವನ ಮುಂದೆ
ನಾನು ನೀಡಿದ್ದು ಚೆನ್ನಾಗಿರುವುದನ್ನು.
ತೊಳೆಯಬೇಕಾದದ್ದು
ದಪ್ಪ ಅಟ್ಟೆಯ ಮೇಲೆ ಕೂತು ಬೆವರುತ್ತಿತ್ತು.

ಈಸ್ಟರ್ ಕಳೆದ ವಾರ ಆ ಅಟ್ಟೆ ಬಾಯಿ ಬಿಟ್ಟಿತು.
ಬೂಟು ಹೊಲಿಯುವ ವಾಲೇರ್ಯಾನ್‌ಗೆ ಈಗ ಮಂಡಿನೋವು.
"ಒಳಗೆ ಬಾ, ಮೇಲಿನ ಸಾಲಿನಲ್ಲಿದೆ, ನೀನೇ ಇಳಿಸಿಕೊ."
ಅಷ್ಟು ವರ್ಷದಲ್ಲಿ ಮೊದಲ ಸಲ ಪರದೆ ಸರಿಸಿದೆ.

ಗೋಡೆ ತುಂಬ ಮರದ ಪಾದಗಳು.
ಒಂದಕ್ಕೊಂದು ಜೋಡಿಯಿಲ್ಲ.
ಧೂಳಿನಲ್ಲಿ, ಸೀಮೆಸುಣ್ಣದಲ್ಲಿ ನನ್ನ ಹೆಸರು.
ಕೈಗೆತ್ತಿಕೊಂಡೆ,
ಕೂಸನ್ನು ಎತ್ತಿಕೊಂಡಷ್ಟೇ ಭಾರ.

ಹತ್ತೊಂಬತ್ತರಲ್ಲಿ ಎದ್ದ ಗಂಟು:
ಅಲ್ಲೊಂದು ಚೂರು ಚರ್ಮ ಅಂಟಿಸಿದ್ದಾನೆ.
ಅಮ್ಮನ ಹಾಸಿಗೆಯ ಪಕ್ಕ ನಿಂತೇ ಕಳೆದ ಚಳಿಗಾಲ,
ಊದಿಕೊಂಡು ಮತ್ತೆ ಇಳಿಯದ ಹಿಮ್ಮಡಿ:
ಅಲ್ಲೊಂದು, ಅದರ ಮೇಲೆ ಇನ್ನೊಂದು.
ಮಡಿಚಿಕೊಂಡ ಕಿರುಬೆರಳು. ಅದಕ್ಕೂ ತೇಪೆ.
ಯಾರಿಗೂ ಹೇಳಿರಲಿಲ್ಲ ಇವನ್ನೆಲ್ಲ.
ಅವನಿಗೂ ಹೇಳಿರಲಿಲ್ಲ.
ಪ್ರತಿ ಸಲ ಕೈಯಲ್ಲಿ ಹಿಡಿದು ನೋಡಿದ್ದ, ಅಷ್ಟೇ.

"ಈ ಅಚ್ಚು ಬೇರೆಯವರಿಗೆ ಆಗುತ್ತದೆಯೆ?"
ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಅಂದ,
"ಬೇರೆ ಯಾರಿಗೆ?"
"ಮತ್ತೆ ಇಷ್ಟು ವರ್ಷ ಯಾಕೆ ಇಟ್ಟುಕೊಂಡೆ?"
ಮೊಳೆ ತೆಗೆದ. ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ.
"ನೀನು ಬರುತ್ತೀಯಲ್ಲ."

ವಿಸ್ಲಾ ನದಿಯ ಸೇತುವೆ ದಾಟಿದ್ದು ನೆನಪಿಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ಬೋಗುಣಿ ಇಟ್ಟು
ಎಡಗಾಲಿನ ಕಾಲುಚೀಲ ಎಳೆದು ತೆಗೆದೆ.
ಪ್ರಾರ್ಥನೆಗೆ ಮಾತು ಹುಡುಕಿದೆ, ಸಿಗಲಿಲ್ಲ.
"ಇಗೋ" ಅಂದೆ.
ದೀಪ ಆರಿಸಲಿಲ್ಲ.
ನೀರು ತಣ್ಣಗಾಗುವವರೆಗೂ ಕೂತಿದ್ದೆ,
ಯಾರೋ ಆತುರವಿಲ್ಲದೆ
ಗಂಟಿನಿಂದ ಗಂಟಿಗೆ ಓದುತ್ತಿರುವ ಹಾಗೆ.
ಅಮ್ಮ ಕರೆಯುವಂತೆ ಒಂದು ಸಲ ನಾನೇ ಕರೆದುಕೊಂಡೆ,
ಬೊಗುಮಿಲಾ.
ತೋಳು ಇನ್ನೂ ಉದ್ದವೇ. ಆದರೆ ಕೋಟು ನನ್ನದು.

ಸೋಮವಾರ, ಮುರಿದ ಹೃದಯವೊಂದನ್ನು
ಚೀಲಕ್ಕೆ ಹಾಕದೆ ಏಪ್ರನ್ ಜೇಬಿಗೆ ಹಾಕಿಕೊಂಡೆ.
ಮೇಲ್ವಿಚಾರಕಿ ನೋಡಿದಳು.
ನೋಡಲಿ.