ಹನ್ನೊಂದು ಫ್ರೇಮು

ಮಿಷನ್ ಆಸ್ಪತ್ರೆಯ ಕಂಪೌಂಡರ್ ಯೇಸಪ್ಪ
ಮಗಳಿಗೆ ಸುವಾರ್ತಾ ಅಂತ ಹೆಸರಿಟ್ಟ.
ಇಪ್ಪತ್ತೆರಡು ವರ್ಷ ಆಕೆ ಈ ಬೀದರಿಗೆ
ಒಂದೂ ಒಳ್ಳೆ ಸುದ್ದಿ ಹೇಳಲಿಲ್ಲ.

ನಾನು ಆಕೆಯ ಎಡಿಟರು. ನನ್ನ ಹೆಸರು ಬೇಡ;
ಕೊನೆಗೆ ಓಡುವ ಪಟ್ಟಿಯಲ್ಲೂ ಅದು
ಸೀರೆ ಅಂಗಡಿಯ ಜಾಹೀರಾತಿನಡಿ ಸಿಕ್ಕು ಯಾರಿಗೂ ಕಂಡಿಲ್ಲ.
ನಯಾ ಕಮಾನಿನ ಹತ್ತಿರ, ಚಪ್ಪಲಿ ದುಕಾನಿನ ಮೇಲೆ
ಕಿಟಕಿ ಇಲ್ಲದ ಖೋಲಿ, ಎರಡು ಮಾನಿಟರು,
ಒಂದು ಕೂಲರು. ನೀರು ನಾವೇ ಹೊತ್ತು ಹಾಕಬೇಕು.

ಮೊದಲು ಹಾಸ್ಟೆಲಿನ ಹಾಲಿನ ಪುಡಿ:
ಹುಡುಗರ ಲೋಟದಲ್ಲಿ ಸುಣ್ಣದಂಥ ನೀರು,
ಚೀಲಗಳು ಗಡಿಯಾಚೆಯ ಸಂತೆಯಲ್ಲಿ.
ಆಮೇಲೆ ಸತ್ತವರ ಹೆಬ್ಬೆಟ್ಟು.
ಮೂರು ವರ್ಷದ ಹಿಂದೆ ಮಣ್ಣಾದ ತುಕ್ಕಮ್ಮ
ದಫ್ತರದಲ್ಲಿ ಕೆರೆ ಹೂಳೆತ್ತಿ ಕೂಲಿ ಎಣಿಸಿಕೊಂಡಿದ್ದಳು.
ಸುವಾರ್ತಾ ಕುಣಿಯ ಮುಂದೆ ಮೈಕು ಹಿಡಿದು
"ಹಾಜರಿ ಪುಸ್ತಕದಾಗ ನೀವು ಅದೀರಿ ತುಕ್ಕಮ್ಮ" ಅಂದಳು, ನಗಲಿಲ್ಲ.
ಊರು ನಕ್ಕಿತು. ಇಂಜಿನಿಯರು ವರ್ಗವಾದ,
ಆರು ತಿಂಗಳಿಗೆ ಬಡ್ತಿ ಪಡೆದು ವಾಪಸ್ ಬಂದ.

ಯಾರೋ ಹೊಸ್ತಿಲಿಗೆ ಕುಂಕುಮ ಬಳಿದ ನಿಂಬೆಹಣ್ಣು ಇಟ್ಟು ಹೋದರು.
ಆಕೆ ತೊಳೆದು ಶರಬತ್ತು ಮಾಡಿದಳು. ನನಗೂ ಕೊಟ್ಟಳು.

ಆಕೆಯ ಎಲ್ಲ ಸಂದರ್ಶನದ ಮೇಲೆ ವಿಮಾನ ಹಾರುತ್ತದೆ.
ವಾಯುಪಡೆಯ ಹುಡುಗರು ಗಾಳಿಯಲ್ಲಿ ಪಾಠ ಕಲಿಯುವ ಊರು ಇದು;
ನಿಜ ಹೇಳಲು ಬಾಯಿ ತೆರೆದವನು
ಆಕಾಶ ಸುಮ್ಮನಾಗುವವರೆಗೆ ಬಾಯಿ ತೆರೆದೇ ಕೂತಿರುತ್ತಾನೆ.
ಅಷ್ಟರಲ್ಲಿ ಎಷ್ಟೋ ಮಂದಿ ಮನಸ್ಸು ಬದಲಿಸಿದ್ದಾರೆ.
ಆಕೆ ಒತ್ತಾಯಿಸಿದ್ದಿಲ್ಲ. ಲೆನ್ಸಿಗೆ ಮುಚ್ಚಳ ಹಾಕಿ
"ಆಯ್ತ್ರಿ, ಚಾ ಕುಡಿದು ಹೋಗತೀವಿ" ಅನ್ನುತ್ತಿದ್ದಳು.

ಘಾಳೆಪ್ಪ ಬದಲಿಸಲಿಲ್ಲ.
ಔಷಧಿ ಕಾರ್ಖಾನೆಯ ರಾತ್ರಿ ಪಾಳಿ ಕಾವಲುಗಾರ.
ಎರಡು ಗಂಟೆಗೆ ಟ್ಯಾಂಕರು ಹೊರಡುವುದು, ಲೈಟು ಆರಿಸಿ
ಹಾಳು ಬಾವಿಗೆ ಬಾಯಿಡುವುದು, ಬೆಳಗಾದರೆ
ಪಕ್ಕದ ಊರಿನ ಕೊಡದಲ್ಲಿ ಚಹಾ ಬಣ್ಣದ ನೀರು,
ಎಲ್ಲ ಹೇಳಿದ, ಕೈ ತೊಡೆಯ ಮೇಲಿಟ್ಟು,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.
ಒಂದೇ ಕೇಳಿದ: "ಮಾರಿ ಕಾಣಬಾರದ್ರಿ."

ಮಾರಿ ಮುಚ್ಚುವುದು ನನ್ನ ಕೆಲಸ.
ಸೆಕೆಂಡಿಗೆ ಇಪ್ಪತ್ತೈದು ಫ್ರೇಮು.
ಅವನು ತಲೆ ಅಲ್ಲಾಡಿಸಿದಲ್ಲೆಲ್ಲ ನನ್ನ ಮಬ್ಬು ಚೌಕ
ಬೆನ್ನು ಬಿಡದೆ ಹೋಗಬೇಕು.
ರಾತ್ರಿ ಒಂದೂವರೆ. ಕರೆಂಟು ಎರಡು ಸಲ ಹೋಗಿ ಬಂದಿತ್ತು.
ವಿಮಾನದ ಸದ್ದಿಗೆ ಅವನು ಒಮ್ಮೆ ಮೇಲೆ ನೋಡಿದ,
ಚೌಕ ಅಲ್ಲೇ ಉಳಿಯಿತು, ಅವನ ಎದೆಯ ಮೇಲೆ.
ಹನ್ನೊಂದು ಫ್ರೇಮು. ಅರ್ಧ ಸೆಕೆಂಡೂ ಅಲ್ಲ.

ಸಾಕಾಯಿತು. ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನಿಲ್ಲಿಸಿ
ನೋಡುವವರು ನನಗಿಂತ ತಾಳ್ಮೆಯವರು.

ಬಾವಿ ಮುಚ್ಚಿದರು. ರಾಜಧಾನಿಯಿಂದ ಆಕೆಗೆ
ಒಂದು ಹಿತ್ತಾಳೆ ಫಲಕ ಬಂತು. ಘಾಳೆಪ್ಪನ ನೌಕರಿ ಹೋಯಿತು,
ಮುರಿದ ಕಾಲು ನೆಟ್ಟಗೆ ಕೂಡಲಿಲ್ಲ.
ತಪ್ಪು ಯಾರದು ಅಂತ ಮಾಲಕ ಕೇಳಿದಾಗ
"ಕೊನೆಗೆ ನೋಡಿ ಪಾಸ್ ಮಾಡಿದಾಕಿ ನಾನು" ಅಂದಳು ಸುವಾರ್ತಾ,
ನನ್ನ ಕಡೆ ತಿರುಗದೆ.
ಫಲಕವನ್ನು ಅಲುಗುವ ಕೂಲರಿನ ಒಂದು ಕಾಲಿಗೆ ಆಸರೆ ಕೊಟ್ಟಳು.

ಚಾನೆಲ್ಲು ಮುಚ್ಚಿ ಎರಡು ಮಳೆಗಾಲ.
ಕೊನೆಯ ದಿನ ಮಬ್ಬಿಲ್ಲದ ಮುಖಗಳ ಟೇಪುಗಳನ್ನೆಲ್ಲ
ಇಬ್ಬರೂ ಕೂತು ಕತ್ತರಿಯಲ್ಲಿ ತುಂಡು ಮಾಡಿದೆವು.
ಕೆಳಗೆ ಕಾರಿನಲ್ಲಿ ಒಬ್ಬ
ಫೋನಿನಲ್ಲಿ ಬೆಲೆ ಏರಿಸುತ್ತ ಕಾದಿದ್ದ.

ಪ್ರತಿ ಗುರುವಾರ ಆಕೆ ಚಿದ್ರಿ ರಸ್ತೆಯ
ಒಂದು ಡಬ್ಬಿ ಅಂಗಡಿಗೆ ಹೋಗುತ್ತಾಳಂತೆ.
ನಿನ್ನೆ ನಾನು ಹೋದೆ, ಒಬ್ಬನೇ.
ಘಾಳೆಪ್ಪ ಕುಂಟುತ್ತ ಬಂದು ಬೆಂಚು ಒರೆಸಿದ.
ಎಡಗಣ್ಣಿನ ಕೆಳಗಿನ ಮಚ್ಚೆ, ಮುಂದಿನ ಹಲ್ಲಿನ ಸಂದು
ನನಗೆ ಬಾಯಿಪಾಠ.
ಚಾ ಕೊಟ್ಟು, ಕಣ್ಣು ಕಿರಿದು ಮಾಡಿ
"ನಿಮ್ಮ ಮಾರಿ ಎಲ್ಲೂ ನೋಡಿದ್ಹಾಂಗಿಲ್ಲಲ್ರಿ" ಅಂದ.

ಮೇಲೆ ವಿಮಾನ. ನಾನು ಬಾಯಿ ತೆರೆದೆ.
ಇಬ್ಬರೂ ಕಾದೆವು.