ನಲವತ್ತೊಂದು ಸೆಕೆಂಡು

ಅಂತೊಫಗಾಸ್ತಾದಲ್ಲಿ ರಾತ್ರಿ ಹನ್ನೊಂದೂವರೆ.
ತಾಮ್ರದ ಹಲಗೆ ಹೊತ್ತ ಗೂಡ್ಸು ರೈಲು
ಬಂದರಿಗೆ ಇಳಿಯುವಾಗ
ಕಿಟಕಿಯ ಗಾಜು, ಲೋಟದ ಚಮಚ, ನನ್ನ ಹಲ್ಲು
ಮೂರೂ ಸಣ್ಣಗೆ ನಡುಗುತ್ತವೆ.
ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು
ಬರೆಯುತ್ತಿದ್ದೇನೆ, ಆಡಿದ್ದನ್ನು ಆಡಿದ ಹಾಗೇ.

ಮೊದಲ ವರ್ಷದವರು ಒಬ್ಬೊಬ್ಬರೇ ಬಂದು
ಒಂದು ಲೆಕ್ಕ ಬಿಡಿಸಬೇಕು, ಬಾಯಿಬಿಟ್ಟು.
ತಲೆಯಲ್ಲಿ ಓಡುವುದೆಲ್ಲ ನಾಲಗೆಗೂ ಬರಲಿ
ಎಂದು ಮೊದಲೇ ಹೇಳಿರುತ್ತೇನೆ.
ಬಿಡಿಸಿ ಮುಗಿಸುವ ತನಕ ನಾನು ಮಾತ್ರ
ತುಟಿ ಪಿಟಕ್ಕೆನ್ನಕೂಡದು.

ಇಪ್ಪತ್ತೈದು ಗ್ರಾಂ ಮೈಲುತುತ್ತ ನೀರಲ್ಲಿ ಕರಗಿಸಿ
ಎರಡು ಪಾಯಿಂಟ್ ಎಂಟು ಗ್ರಾಂ ಕಬ್ಬಿಣದ ಪುಡಿ ಉದುರಿಸಿದರೆ
ತಳಕ್ಕೆ ಇಳಿಯುವ ತಾಮ್ರ ಎಷ್ಟು?

ಬಾಸ್ತಿಯಾನ್ ಓಸ್ಸಂದೋನ್. ಎರಡೇ ನಿಮಿಷ. ಸರಿಯುತ್ತರ.
ಹೇಗೆ ಗೊತ್ತಾಯಿತು, ಎಂದೆ.
‘ಎರಡರಲ್ಲಿ ಚಿಕ್ಕ ಸಂಖ್ಯೆ ಹಿಡಿಯಬೇಕು, ಅಷ್ಟೆ.’
ಚಿಕ್ಕದು ಕೈಕೊಡುವಂಥ ಇನ್ನೊಂದು ಲೆಕ್ಕ ಕೊಟ್ಟೆ.
ಅಲ್ಲೂ ಚಿಕ್ಕದನ್ನೇ ಹಿಡಿದ.
ಹಿಡಿದ ಮೊಲಕ್ಕೆ ಮೂರೇ ಕಾಲು.
ನಗು ಬಂತು. ಆಮೇಲೆ ಬರಲಿಲ್ಲ;
ಹತ್ತು ವರ್ಷದ ಹಿಂದೆ ನಾನು ಪದಕ ಗೆದ್ದದ್ದು
ಇದೇ ಮೊಲವನ್ನು ಹಿಡಿದು.

ನಯಾರೆತ್ ಅಯಾವಿರೆ.
ಬೇಕರಿಯ ಪಾಳಿ ಮುಗಿಸಿ ನೇರ ಬಂದವಳು,
ಹುಬ್ಬಿನ ಮೇಲೆ ಹಿಟ್ಟು.
ಏಳಕ್ಕೆ ಮಗುವನ್ನು ಕರೆತರಬೇಕು ಎನ್ನುತ್ತ
ಕುರ್ಚಿಯ ತುದಿಯಲ್ಲೇ ಕೂತಳು.
ಅವಳು ಬರುವ ಮೊದಲೇ ನನ್ನ ಹಾಳೆಯ ನೆತ್ತಿಯಲ್ಲಿ
ನಾನು ಬರೆದದ್ದು: ಎರಡು ಸಲ ನಪಾಸು.

‘ಮೈಲುತುತ್ತ… ಸೊನ್ನೆ ಪಾಯಿಂಟ್ ಒಂದು ಮೋಲ್.
ತಾಮ್ರವೂ ಅಷ್ಟೇ ಆಯ್ತು.
ಆರು ಪಾಯಿಂಟ್ ಮೂರು ಐದು ಗ್ರಾಂ.
ಮುಗೀತು.’
ತಪ್ಪು.
ಪೆನ್ನಿಗೆ ಮುಚ್ಚಳ ಬಿದ್ದ ಸದ್ದು.

ಆಮೇಲೆ ಏನೂ ಇಲ್ಲ.
ಏನೂ ಇಲ್ಲದ್ದನ್ನೂ ಬರೆಯಬೇಕು, ನಿಯಮ ಹಾಗಿದೆ:
ಕಂಸದೊಳಗೆ, ಸೆಕೆಂಡುಗಳಲ್ಲಿ.
ಹಿಂದಕ್ಕೆ ತಿರುಗಿಸಿ ಕೇಳುತ್ತೇನೆ, ಎಣಿಸುತ್ತೇನೆ.
ಹದಿನಾಲ್ಕರಲ್ಲಿ ಕಡಲಹಕ್ಕಿ.
ಇಪ್ಪತ್ತಾರರಲ್ಲಿ ಟಿಕ್ ಟಿಕ್,
ಅದು ನನ್ನ ಪೆನ್ನು. ನಾನೇ.
ಹೇಳಿಬಿಡಲೇ ಎಂದು ಬೆರಳು ಚಡಪಡಿಸಿದ್ದು.
ಮೂವತ್ತೆಂಟರಲ್ಲಿ ಒಂದು ಉಸಿರು, ಒಳಗೆ ಎಳೆದದ್ದು.

‘ಆದರೆ ಹೋದ ವಾರ ಬೀಕರಲ್ಲಿ ನೀಲಿ ಇನ್ನೂ ಇತ್ತಲ್ಲ.
ತೊಳೆಯೋವಾಗ ನೋಡಿದ್ದೆ.
ತಾಮ್ರ ಎಲ್ಲ ಇಳಿದಿದ್ರೆ ನೀಲಿ ಎಲ್ಲಿಂದ?
ತಡೀರಿ. ಕಬ್ಬಿಣ ಸಾಕಾಗುತ್ತಾ ಅಂತ
ನಾನು ಕೇಳಲೇ ಇಲ್ಲ.’
(ನಾಲ್ಕು ಸೆಕೆಂಡು.)
‘ಯಾಕೆ ಕೇಳಲಿಲ್ಲ?
ಮೈಲುತುತ್ತ ಮೊದಲು ಬರೆದಿತ್ತು.
ಮೊದಲು ಬರೆದದ್ದನ್ನ ನಂಬಿಬಿಡ್ತೀನಿ ನಾನು. ಯಾವಾಗಲೂ.’

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ.
ಇವಳು ಖಾಲಿ ಗಾಜಿನ ಪಾತ್ರೆ ತೊಳೆಯುತ್ತ
ಅದರಲ್ಲಿ ಕಂಡಿದ್ದಾಳೆ,
ಅಥವಾ ಅದೂ ನಾನು ಕಟ್ಟಿಕೊಂಡದ್ದೋ,
ಗೊತ್ತಿಲ್ಲ. ಟೇಪಿನಲ್ಲಿ ಅಷ್ಟೇ ಇದೆ.

ಮುಚ್ಚಳ ಕಳಚಿದ ಸದ್ದು.
‘ಕಬ್ಬಿಣ… ಐವತ್ತಾರರಿಂದ ಭಾಗಿಸಿದರೆ…’
ಫೋನು. ಮಗುವಿಗೆ ಜ್ವರ.
ಕುರ್ಚಿ ಎಳೆದದ್ದು, ಬಾಗಿಲು,
ಮತ್ತೆ ಕಡಲಹಕ್ಕಿ.

ನಮೂನೆಯ ಕೊನೆಯ ಚೌಕ ಕೇಳುತ್ತದೆ: ಅಂತಿಮ ಉತ್ತರ?
ಅಪೂರ್ಣ, ಎಂದು ಬರೆಯುತ್ತೇನೆ. ಅಂಕ ಸೊನ್ನೆ.
ಓಸ್ಸಂದೋನನಿಗೆ ಹತ್ತು.
ಅಳೆದೂ ಸುರಿದೂ
ಹಾಳೆಯ ನೆತ್ತಿಗೆ ಮರಳುತ್ತದೆ ಕಣ್ಣು:
ಎರಡು ಸಲ ನಪಾಸು, ನನ್ನದೇ ಕೈಬರಹ,
ಅವಳಿನ್ನೂ ಬಾಯಿ ತೆರೆಯುವ ಮೊದಲೇ
ಒಣಗಿಹೋದ ಶಾಯಿ.

ಮೊದಲು ಬರೆದದ್ದನ್ನ ನಂಬಿಬಿಡ್ತೀನಿ ನಾನು.

ಖಾಲಿ ರೈಲು ಮರುಭೂಮಿಗೆ ವಾಪಸು ಹತ್ತುತ್ತಿದೆ.
ಚಮಚ ಮತ್ತೆ ನಡುಗುತ್ತದೆ, ಈ ಸಲ ಹಗುರಾಗಿ.
ಟೇಪನ್ನು ಇನ್ನೊಮ್ಮೆ ಹಿಂದಕ್ಕೆ ಓಡಿಸುತ್ತೇನೆ,
ಮುಚ್ಚಳ ಬಿದ್ದ ಜಾಗಕ್ಕೆ.